ಏಳು ದೊಣ್ಣೆ, ಒಂದು ಸ್ಟೂಲು

ಜನವರಿ 9

ತೀರ್ಥರೂಪರಾದ ಅಪ್ಪನವರ ಪಾದಗಳಿಗೆ, ಅವರ ಬಾಯಿಂದಲೇ ಲಾಂಡ್ರಿಯ ಹೊಸ್ತಿಲಾಚೆ ಅಟ್ಟಿಸಿಕೊಂಡ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ನೀವೂ ನಿಮ್ಮ ಮೂವತ್ತೆಂಟು ನೋಟಿಸುಗಳೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ.

ಮೊದಲಿಗೆ ತಪ್ಪೊಪ್ಪಿಗೆ. ಬಟ್ಟೆ ಒಣಗಿಸುವ ಕೋಣೆಯ ಗೋಡೆಗೆ "ಗಮನಿಸಿ!!! ಇದು ಗೋಡೆ!!! ಒರಗುವವರು ಒರಗಬಹುದು!!!" ಎಂದು ಹಾಳೆ ಅಂಟಿಸಿದ್ದು ನಾನೇ. ನಿಮ್ಮ ಕೈಬರಹವನ್ನು ಕದ್ದದ್ದೂ ನಾನೇ. ಆದರೆ ಆ ಹಾಳೆ ಹದಿನೇಳು ದಿನ ಅಲ್ಲೇ ಇತ್ತೆಂಬುದನ್ನು ನ್ಯಾಯಪೀಠ ದಯವಿಟ್ಟು ಮನಸ್ಸಿಗೆ ತಂದುಕೊಳ್ಳಬೇಕು. ಇಪ್ಪತ್ತು ಜನ ದಿನವಿಡೀ ಅದರ ಮುಂದೆ ಓಡಾಡಿದರು. ಒಬ್ಬರೂ ನಗಲಿಲ್ಲ, ಒಬ್ಬರೂ ಬೈಯಲಿಲ್ಲ. ಯಾಕೆಂದರೆ ಒಬ್ಬರೂ ಓದಲಿಲ್ಲ. ಹದಿನೆಂಟನೆಯ ದಿನ ಓದಿದವರು ನೀವು, ಅದೂ ಪಕ್ಕದಲ್ಲಿ ಇನ್ನೊಂದು ಹಾಳೆ ಅಂಟಿಸಲು ಗೋಂದಿನ ಡಬ್ಬಿ ಹಿಡಿದು ಬಂದಾಗ.

"ಇಪ್ಪತ್ತೆರಡು ವರ್ಷ ಆಯ್ತು ಕೋತಿ, ಇನ್ನೂ ಬಾಲ ಉದುರಿಲ್ಲ ನಿಂಗೆ. ನಡಿ ಆಚೆ," ಅಂದಿರಿ. ನಡೆದೆ. ಬಸ್ಸು ಹತ್ತುವ ತನಕ ನಿಲ್ಲಲಿಲ್ಲ.

ಈಗ ಒಂದು ಅಚ್ಚುಮನೆಯಲ್ಲಿ ಪ್ರೂಫ್ ನೋಡುತ್ತಿದ್ದೇನೆ. ಔಷಧಿ ಡಬ್ಬಿಯ ಚೀಟಿ, ಬಸ್ಸಿನ ವೇಳಾಪಟ್ಟಿ, ಅಂಗಡಿಗಳ ಕರಪತ್ರ. ಜನ ಬರೆದು ತರುವುದನ್ನು ನೋಡಿದರೆ ಈ ಕಾಯಿಲೆ ನಿಮ್ಮೊಬ್ಬರದಲ್ಲ ಎಂದು ಸಮಾಧಾನವಾಗುತ್ತದೆ. ನಿನ್ನೆ ಒಬ್ಬ ಹಲ್ಲಿನ ಡಾಕ್ಟರು "ನೋವಿಲ್ಲದೆ ಹಲ್ಲು ಕೀಳಲಾಗುವುದು!!!!" ಎಂದು ಬರೆದು ತಂದರು. ಶಾಲೆಯಲ್ಲಿ ಆ ಗುರುತನ್ನು ಆಶ್ಚರ್ಯಸೂಚಕ ಎಂದು ಕಲಿಸಿದರು. ಅದನ್ನು ಕಂಡು ಯಾರಿಗೂ ಆಶ್ಚರ್ಯವಾದದ್ದನ್ನು ನಾನು ಕಾಣೆ. ನನಗದು ದೊಣ್ಣೆ, ಕೆಳಗೊಂದು ಕಲ್ಲು.

"ಡಾಕ್ಟ್ರೇ, ನೋವಿಲ್ಲ ಅಂತೀರಿ, ನಾಲ್ಕು ದೊಣ್ಣೆ ಎತ್ತಿಕೊಂಡು ನಿಂತಿದೀರಿ. ಪೇಷೆಂಟು ಯಾವುದನ್ನ ನಂಬಬೇಕು?" ಅಂದೆ. ಮೂರು ತೆಗೆಸಿದರು. ನಾಲ್ಕನೆಯದಕ್ಕೆ ಬಹಳ ಹೊತ್ತು ಅಂಗಲಾಚಿದರು.

ಚಿಕ್ಕಮ್ಮನಿಗೆ ಹೇಳಿ, ಅಮ್ಮ ಹೋದಾಗಿನಿಂದ ಅವಳ ಕೈಯಲ್ಲೇ ಜಡೆ ಹಾಕಿಸಿಕೊಂಡ ತಲೆ ಈಗ ಅನಾಥವಾಗಿದೆ ಎಂದು. ನಾನೇ ಹಾಕಿಕೊಂಡರೆ ಇಲಿ ಕಡಿದ ಹಗ್ಗದ ಹಾಗಿರುತ್ತದೆ.

ಇಂತು ತಮ್ಮ ಅವಿಧೇಯ
ಕೋತಿ


ಜನವರಿ 20

ಕೋತಿಗೆ ಆಶೀರ್ವಾದಗಳು!!!

ಕಾಗದ ತಲುಪಿತು!!! ಹೊತ್ತಿಗೆ ಸರಿಯಾಗಿ ಊಟ ಮಾಡು!!! ಡಾಕ್ಟರ ಹತ್ತಿರವೆಲ್ಲ ಬಾಯಿ ಮಾಡಬೇಡ!!! ನಾಳೆ ನಿನಗೂ ಹಲ್ಲು ನೋವು ಬರುತ್ತದೆ!!!

ನೋಟಿಸು ಮೂವತ್ತೆಂಟಲ್ಲ, ನಲವತ್ತೊಂದು!!! ಮ್ಯಾನೇಜರ್ ಸಾಹೇಬರು ನಿನ್ನೆ ಎಲ್ಲರ ಮುಂದೆ ನನ್ನ ಅಕ್ಷರ ಮುತ್ತಿನ ಹಾಗಿದೆ ಎಂದರು!!! ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇದು ಸಣ್ಣ ಮಾತಲ್ಲ!!! ನಿನಗೆ ನಗು!!! ಇಲ್ಲಿ ಹೆಚ್ಚುಕಡಿಮೆ ಆದರೆ ತಲೆ ತಗ್ಗಿಸಿ ನಿಲ್ಲುವವನು ಮೇಲ್ವಿಚಾರಕ, ಅಂದರೆ ನಾನು!!!

ನಿನ್ನ ಚಿಕ್ಕಮ್ಮ ಬೆಳಿಗ್ಗೆ ಆರಕ್ಕೆ ಬಂದು ಇಸ್ತ್ರಿ ರೋಲರ್ ಹಾಕುತ್ತಾಳೆ, ಸಂಜೆ ಹೋಗುವಾಗ ನಿನ್ನ ವಿಷಯ ಎತ್ತಿ ನನಗೆ ಬೈಯುತ್ತಾಳೆ!!! ಮಧ್ಯೆ ಒಂದು ಮಾತೂ ಆಡುವುದಿಲ್ಲ!!!

ಅಪ್ಪ!!!


ಫೆಬ್ರವರಿ 6

ಮಹಾರಾಜಶ್ರೀ ಮೇಲ್ವಿಚಾರಕರ ಸನ್ನಿಧಾನಕ್ಕೆ, ಪ್ರೂಫ್ ನೋಡುವವಳ ಅರಿಕೆ.

ತಮ್ಮ ಕಾಗದದಲ್ಲಿ ಮೂವತ್ತೊಂಬತ್ತು ದೊಣ್ಣೆಗಳಿವೆ. ಎಣಿಸಿದೆ, ಅದು ನನ್ನ ಉದ್ಯೋಗ. ಸಹಿಗೂ ಮೂರು ಹಾಕಿದ್ದೀರಿ. ಅಪ್ಪ ಎನ್ನುವುದರಲ್ಲಿ ಅಂಥ ಎಚ್ಚರಿಕೆ ಏನಿದೆ? ಓದುವಾಗ ನೀವು ಊಟ ಮಾಡು ಎನ್ನುತ್ತಿದ್ದೀರೋ, ಮನೆಗೆ ಬೆಂಕಿ ಬಿದ್ದಿದೆ ಎನ್ನುತ್ತಿದ್ದೀರೋ ತಿಳಿಯಲಿಲ್ಲ. ಊಟವೆಂದೇ ತಿಳಿದು ಉಂಡೆ.

ಒಂದು ಹಳೆಯ ಸಂಗತಿ ನೆನಪಿಸಬೇಕು. ನಾನು ಶಾಲೆ ಬಿಟ್ಟೊಡನೆ ಲಾಂಡ್ರಿಗೆ ಓಡಿಬರುತ್ತಿದ್ದ ಕಾಲದಲ್ಲಿ ಅಲ್ಲಿ ಒಂದೂ ನೋಟಿಸಿರಲಿಲ್ಲ. ಯಂತ್ರ ಕೆಟ್ಟರೆ ನೀವು ನಿಮ್ಮ ಮೂರು ಕಾಲಿನ ಸ್ಟೂಲನ್ನು ತಂದು, ಕಾಲು ಮೇಲಾಗಿ ಅದರ ಮೇಲೆ ಮಗುಚಿಡುತ್ತಿದ್ದಿರಿ. ಅಷ್ಟೇ. ಓದು ಬಾರದವರೂ, ಕನ್ನಡಕ ಮರೆತವರೂ, ಗಂಡನ ಮೇಲೆ ಸಿಟ್ಟು ಮಾಡಿಕೊಂಡು ಬಂದವರೂ ಅದನ್ನು ಕಂಡರೆ ದೂರ ಸರಿಯುತ್ತಿದ್ದರು. ಮೇಲ್ವಿಚಾರಕ ಕೂರುವ ಜಾಗವನ್ನೇ ಬಿಟ್ಟುಕೊಟ್ಟಿದ್ದಾನೆ ಎಂದರೆ ವಿಷಯ ಗಂಭೀರವಾಗಿದೆ ಎಂದು. ನಾನು ಕೆಲಸಕ್ಕೆ ಸೇರಿದ ಒಂದೆರಡು ವರ್ಷಕ್ಕೆ ಅದು ಮಾಯವಾಗಿ ಹಾಳೆಗಳು ಬಂದವು. ಮುತ್ತಿನಂಥ ಅಕ್ಷರ ತೋರಿಸುವ ಆಸೆಗೆ ಅಂಥ ಸ್ಟೂಲನ್ನು ಬಿಟ್ಟಿರಲ್ಲ ಅಪ್ಪ.

ಉತ್ತರ ಬರೆಯುವಾಗ ಈ ಸಲ ಒಂದೇ ಒಂದು ದೊಣ್ಣೆ ಬಳಸಿ ನೋಡಿ. ನಿಜಕ್ಕೂ ಬೇಕಾದ ಕಡೆ. ನಾನು ಎದ್ದು ನಿಂತು ಓದುತ್ತೇನೆ.

ಚಿಕ್ಕಮ್ಮನ ಬೈಗುಳಗಳನ್ನು ಬರೆದಿಟ್ಟುಕೊಳ್ಳಿ. ಉಚಿತವಾಗಿ ಅಚ್ಚು ಹಾಕಿಸಿಕೊಡುತ್ತೇನೆ.

ಕೋತಿ


ಮಾರ್ಚ್ 11

ಮಗಳಿಗೆ,

ಗುರುವಾರ ಬೆಳಿಗ್ಗೆ ನಿನ್ನ ಚಿಕ್ಕಮ್ಮನ ಬಲಗೈ ರೋಲರಿಗೆ ಸಿಕ್ಕಿತು. ಮಣಿಕಟ್ಟಿನವರೆಗೆ ಸುಟ್ಟಿದೆ. ಜೀವಕ್ಕೆ ಅಪಾಯವಿಲ್ಲ ಎಂದಿದ್ದಾರೆ. ಬೆರಳುಗಳ ವಿಷಯ ಈಗಲೇ ಹೇಳಲಾಗದಂತೆ.

ಕೈ ಹತ್ತಿರ ಬಂದರೆ ರೋಲರ್ ತಾನೇ ನಿಲ್ಲುವ ಹಾಗೆ ಒಂದು ತಡೆಪಟ್ಟಿ ಇದೆಯಲ್ಲ, ಅದು ಹಿಂದಿನ ಸಂಜೆ ಕೆಟ್ಟಿತ್ತು. ರಿಪೇರಿಯವನು ಮಧ್ಯಾಹ್ನ ಬರುವವನಿದ್ದ. ನಾನು ನೋಟಿಸು ಅಂಟಿಸಿದ್ದೆ.

ನೀನು ಬರಬೇಡ.

ಅಪ್ಪ


ಮಾರ್ಚ್ 24

ಅಪ್ಪ,

ನಮಸ್ಕಾರ ಗಿಮಸ್ಕಾರ ಈ ಸಲ ಇಲ್ಲ.

ನಿಮ್ಮ ಕಾಗದದಲ್ಲಿ ಒಂದೂ ದೊಣ್ಣೆ ಇರಲಿಲ್ಲ. ಓದುವ ಮೊದಲೇ, ಬರೀ ಹಾಳೆ ನೋಡಿಯೇ ಎದ್ದು ನಿಂತೆ.

ಭಾನುವಾರ ಆಸ್ಪತ್ರೆಗೆ ಹೋಗಿದ್ದೆ. ಬರಬೇಡ ಎಂದು ಬರೆದಿದ್ದಿರಿ, ಆದರೆ ನೀವು ಬರೆದದ್ದನ್ನು ಯಾರೂ ಪಾಲಿಸುವುದಿಲ್ಲ ಎಂಬುದು ನಿಮಗೆ ಹೊಸದಲ್ಲವಲ್ಲ. ನೀವು ಅಲ್ಲಿರಲಿಲ್ಲ. ವಾರದಿಂದ ಬಂದಿಲ್ಲ ಎಂದು ನರ್ಸು ಹೇಳಿದಳು. ಚಿಕ್ಕಮ್ಮ ಮಲಗಿದ್ದ ಬೆಡ್‌ಶೀಟಿನ ಮೂಲೆಯಲ್ಲಿ ನಮ್ಮ ಲಾಂಡ್ರಿಯ ನೀಲಿ ಗುರುತಿತ್ತು. ಎಡಗೈಯಿಂದ ಅದನ್ನು ಎಳೆದು ತೋರಿಸಿ ಅವಳು ಹೇಳಿದ್ದು ಒಂದೇ ಮಾತು: "ಇಸ್ತ್ರಿ ನೋಡೇ, ಅಂಚು ಸುರುಟಿಕೊಂಡಿದೆ. ಯಾರೋ ಹೊಸಬಳ್ನ ನಿಲ್ಸಿದಾರೆ ನನ್ನ ಜಾಗದಲ್ಲಿ."

ಅವಳ ತಲೆದಿಂಬಿನ ಕೆಳಗೆ ಕಂಪನಿಯ ಕಾಗದವಿತ್ತು. "ಸ್ಪಷ್ಟ ಎಚ್ಚರಿಕೆ ಇದ್ದಾಗ್ಯೂ ಕೆಲಸಗಾರಳು ನಿರ್ಲಕ್ಷ್ಯದಿಂದ ವರ್ತಿಸಿರುವುದು ಮೇಲ್ನೋಟಕ್ಕೆ ಕಂಡುಬಂದಿದೆ." ವಿಚಾರಣೆ ಮೇ ಹನ್ನೆರಡಕ್ಕೆ. ಆ ಒಂದು ಪದ ಅವಳ ಮೇಲೆ ನಿಂತರೆ ಅವಳನ್ನು ಹೊರಗೆ ಹಾಕುತ್ತಾರೆ. ಸುಟ್ಟ ಕೈ, ಮೇಲೆ ನಿರ್ಲಕ್ಷ್ಯದ ಪಟ್ಟ. ಬೇರೆ ಯಾವ ಲಾಂಡ್ರಿ ಬಾಗಿಲು ತೆಗೆಯುತ್ತದೆ? ಕೆಳಗೆ ಸಾಕ್ಷಿಯ ಸಹಿ ಇತ್ತು. ಮುತ್ತಿನಂಥ ಸಹಿ.

ಅಲ್ಲಿಂದ ನೇರ ಲಾಂಡ್ರಿಗೆ ಹೋದೆ. ಕಾವಲುಗಾರ ನನ್ನ ಮುಖ ನೋಡಿ ಏನೂ ಕೇಳದೆ ಬಿಟ್ಟ. ರೋಲರಿನ ಮುಂದೆ ನಿಂತು ಓದಿದೆ. ನನ್ನ ಜೀವಮಾನದಲ್ಲಿ ಮೊದಲ ಸಲ ಪೂರ್ತಿ ಓದಿದೆ.

"ಕೈ ಒರೆಸಿಕೊಂಡು ಕೆಲಸ ಮಾಡಿ!!!" "ಇಲ್ಲಿ ಹಾಡಬೇಡಿ!!!" "ನೀರಿನ ಬಾಟಲಿ ಇಡಬೇಡಿ!!!" "ಶಿಸ್ತೇ ಶಕ್ತಿ!!!" "ನಗುನಗುತ್ತಾ ದುಡಿಯಿರಿ!!!" ಹೀಗೆ ಹದಿಮೂರು. ಹದಿನಾಲ್ಕನೆಯದು, ಹಾಡಬೇಡಿ ಮತ್ತು ನಗುನಗುತ್ತಾ ಇವುಗಳ ಮಧ್ಯೆ, ಅದೇ ಬಣ್ಣ, ಅದೇ ಅಳತೆ: "ತಡೆಪಟ್ಟಿ ಕೆಟ್ಟಿದೆ, ರೋಲರ್ ಹಾಕಬೇಡಿ!!!!!!!"

ಏಳು ದೊಣ್ಣೆ. ಮೂರರಿಂದ ಏಳಕ್ಕೆ ಏರಿಸಿದಿರಿ, ನಿಮ್ಮ ಕರ್ತವ್ಯ ಮುಗಿಯಿತು. ಊರಿನವರೆಲ್ಲ ದಿನಾ ದೊಣ್ಣೆ ಹಿಡಿದೇ ಓಡಾಡುವಾಗ, ಇವತ್ತು ಒಬ್ಬ ನಾಲ್ಕು ಹೆಚ್ಚು ಹಿಡಿದಿದ್ದಾನೆಂದು ಯಾರು ತಿರುಗಿ ನೋಡುತ್ತಾರೆ? ಬಾಟಲಿಗೂ ಕಿರುಚಿದಿರಿ, ಹಾಡಿಗೂ ಕಿರುಚಿದಿರಿ, ನಗು ಎಂದೂ ಕಿರುಚಿದಿರಿ. ಕೊನೆಗೆ ಅವಳ ಕೈಗೆಂದು ಕಿರುಚುವ ಹೊತ್ತಿಗೆ ನಿಮ್ಮ ಗಂಟಲು ಯಾರ ಕಿವಿಗೂ ತಾಗದ ಹಾಗಾಗಿತ್ತು. ಇದು ನಿಮಗೆ ಗೊತ್ತಿತ್ತು ಅಪ್ಪ. ಗೋಡೆಯ ಮೇಲಿನ ನನ್ನ ಹಾಳೆ ಹದಿನೇಳು ದಿನ ಉಳಿದಾಗಲೇ ಗೊತ್ತಿತ್ತು. ಅದಕ್ಕೇ ನಿಮಗೆ ಅಷ್ಟು ಸಿಟ್ಟು ಬಂದದ್ದು. ಅಂಗೈ ಹುಣ್ಣಿಗೆ ಕನ್ನಡಿ ಹಿಡಿದವಳನ್ನು ಆಚೆಗಟ್ಟಿದಿರಿ, ಹುಣ್ಣು ಅಲ್ಲೇ ಉಳಿಯಿತು.

ಸ್ಟೂಲು ಎಲ್ಲಿ ಹೋಗಿತ್ತು ಆವತ್ತು? ನಾಲ್ಕು ಹೆಜ್ಜೆ ನಡೆದು ತಂದು ಇಡಲು ನಿಮಗೆ ಏನು ಬಂದಿತ್ತು?

ನನ್ನ ಜಡೆ ಹಾಕಿದ ಕೈ ಅದು. ಅದರ ಮೇಲೆ ನೀವು ಸಹಿ ಹಾಕಿದ್ದೀರಿ.

(ಸಹಿ ಇಲ್ಲ)


ಏಪ್ರಿಲ್ 2

ಮಗಳಿಗೆ,

ಸ್ಟೂಲು ಎಲ್ಲಿ ಎಂದು ಕೇಳಿದ್ದೀಯ. ಹೇಳುತ್ತೇನೆ. ಹೇಳಬಾರದು ಎಂದುಕೊಂಡಿದ್ದೆ.

ನೀನು ಕೆಲಸಕ್ಕೆ ಸೇರಿದ ಎರಡನೇ ವರ್ಷ, ಬಿಸಿ ಬಟ್ಟೆಯ ರಾಶಿಯ ಮೇಲೆ ಮಲಗುವ ಚಟ ಹತ್ತಿತ್ತು ನಿನಗೆ. ಮಲಗಬೇಕೆನಿಸಿದಾಗಲೆಲ್ಲ ನೀನು ನನ್ನ ಸ್ಟೂಲು ತಂದು ಎರಡನೇ ನಂಬರ್ ಯಂತ್ರದ ಮೇಲೆ ಮಗುಚಿಡುತ್ತಿದ್ದೆ. ಯಂತ್ರ ಚೆನ್ನಾಗಿಯೇ ಇರುತ್ತಿತ್ತು. ಒಂದು ತಿಂಗಳಲ್ಲಿ ಹನ್ನೊಂದು ಸಲ. ಮೊದಲ ಸಲ ಎಲ್ಲರೂ ದೂರ ನಿಂತರು. ಐದನೇ ಸಲಕ್ಕೆ "ಕೋತಿ ಮಲಗಿರಬೇಕು" ಎಂದು ನಕ್ಕು, ಸ್ಟೂಲು ಕೆಳಗಿಟ್ಟು ಕೆಲಸ ಶುರು ಮಾಡಿದರು. ಹನ್ನೆರಡನೇ ಸಲ ಯಂತ್ರ ನಿಜವಾಗಿ ಕೆಟ್ಟು ನಾನೇ ಇಟ್ಟಾಗಲೂ ಅದನ್ನು ತೆಗೆದು ಕೆಳಗಿಟ್ಟರು. ಆವತ್ತು ಯಾರ ಕೈಯೂ ಹೋಗಲಿಲ್ಲ, ಅದು ನಮ್ಮ ಪುಣ್ಯ.

ಮ್ಯಾನೇಜರ್ ಕರೆದು ಕೇಳಿದರು. "ಚೆನ್ನಾಗಿರೋ ಯಂತ್ರದ ಮೇಲೆ ಇದನ್ನ ಯಾರ್ರೀ ಇಡ್ತಿರೋದು?" ನಾನೇ ಎಂದೆ. ಇನ್ನೊಂದು ಸಲ ಆ ಸ್ಟೂಲು ಯಂತ್ರದ ಮೇಲೆ ಕಂಡರೆ ನನಗೆ ಮನೆ ದಾರಿ, ಇನ್ನು ಮೇಲೆ ಎಲ್ಲವೂ ಬರಹದಲ್ಲಿ ಇರಬೇಕು ಎಂದರು. ಅವತ್ತಿನಿಂದ ಬರೆಯುತ್ತಿದ್ದೇನೆ. ಒಂದು ದೊಣ್ಣೆಗೆ ಯಾರೂ ನೋಡಲಿಲ್ಲ, ಎರಡು ಹಾಕಿದೆ. ಎರಡಕ್ಕೆ ನೋಡಲಿಲ್ಲ, ಮೂರು ಹಾಕಿದೆ. ಕಾಗದದಲ್ಲೂ ಕೈ ತಾನೇ ಹಾಕತೊಡಗಿತು.

ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸಿತು ಎನ್ನುತ್ತಾರೆ. ಮೂರು ವರ್ಷದಿಂದ ಆ ಮೇಕೆ ನಾನು. ಬಾಯಿ ಬಿಡಲಿಲ್ಲ.

ಆಸ್ಪತ್ರೆಗೆ ಯಾಕೆ ಬರುತ್ತಿಲ್ಲ ಎಂದು ಮಾತ್ರ ಕೇಳಬೇಡ.

ಅಪ್ಪ


ಏಪ್ರಿಲ್ 21

ಅಪ್ಪ,

ಈ ಕಾಗದವನ್ನು ಆರು ಸಲ ಬರೆದು ಹರಿದೆ. ಪ್ರತಿ ಸಲವೂ ಎಲ್ಲೋ ಒಂದು ಕಡೆ ತಮಾಷೆ ನುಸುಳುತ್ತಿತ್ತು. ನನ್ನ ಕೈಯೂ ನಿಮ್ಮ ಕೈಯ ಹಾಗೆಯೇ ಚಟಕ್ಕೆ ಬಿದ್ದಿದೆ.

ಹನ್ನೊಂದು ಸಲ. ಹೌದು. ನನಗೆ ಏಳೆಂಟು ಎಂದು ನೆನಪು. ನೀವು ಎಣಿಸಿದ್ದಿರಿ.

ನೀವು ನನ್ನ ಹೆಸರು ಹೇಳಬೇಕಿತ್ತು. ಆವತ್ತೇ, ಎಲ್ಲರ ಮುಂದೆ, ಕಿವಿ ಹಿಡಿದು. ನನ್ನನ್ನು ಕೆಲಸದಿಂದ ತೆಗೆದಿದ್ದರೆ ಸ್ಟೂಲು ಉಳಿಯುತ್ತಿತ್ತು. ನನ್ನ ಮಾನ ಉಳಿಸಲು ಹೋಗಿ ಅದನ್ನು ಕಳೆದಿರಿ. ನನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ ನಿಮ್ಮ ಮೇಲೂ ಅಷ್ಟೇ ಇದೆ. ಎರಡನ್ನೂ ಕೂಡಿಸಿ ಕಳೆದು ನೋಡಿದೆ, ಯಾವುದೂ ಕಡಿಮೆಯಾಗಲಿಲ್ಲ.

ವಿಚಾರಣೆಯ ಅಧಿಕಾರಿಗೆ ಎಲ್ಲವನ್ನೂ ಬರೆದು ರಿಜಿಸ್ಟರ್ ಪೋಸ್ಟಿನಲ್ಲಿ ಹಾಕಿದ್ದೇನೆ. ಸ್ಟೂಲನ್ನು ಸುಳ್ಳುಸುಳ್ಳೇ ಇಟ್ಟವಳು ನಾನು ಎಂದು. ಗೋಡೆಯ ಹಾಳೆಯ ಹದಿನೇಳು ದಿನದ ಕಥೆಯನ್ನೂ ಬರೆದಿದ್ದೇನೆ. ಆ ಲಾಂಡ್ರಿಯಲ್ಲಿ ಯಾರೂ ನೋಟಿಸು ಓದುವುದಿಲ್ಲ ಎಂಬುದಕ್ಕೆ ನನ್ನ ಕಿಡಿಗೇಡಿತನವೇ ಸಾಕ್ಷಿ. ಆದರೆ ನಾನು ಕೆಲಸ ಬಿಟ್ಟುಹೋದ ಕೋತಿ. ನನ್ನ ಮಾತಿಗೆ ತೂಕವಿಲ್ಲ. ಸಾಕ್ಷಿ ಹಾಕಿದವರು ನೀವು, ತಿದ್ದಬೇಕಾದವರೂ ನೀವು. ಹಾಳೆ ಅಂಟಿಸಿದ್ದು ನಿಜ ಎನ್ನಿ, ಅದನ್ನು ಯಾರೂ ಓದುವುದಿಲ್ಲ ಎಂದು ಗೊತ್ತಿದ್ದದ್ದೂ ನಿಜ ಎನ್ನಿ. ನಿಮ್ಮ ಕೆಲಸ ಹೋಗುತ್ತದೆ. ಹೋಗಲಿ ಎಂದು ಬರೆಯಲು ನನಗೆ ಯಾವ ಹಕ್ಕೂ ಇಲ್ಲ. ಆದರೂ ಬರೆಯುತ್ತಿದ್ದೇನೆ.

ಕೋತಿ


ಮೇ 3

ಕಾಗದ ತಲುಪಿತು. ಅಧಿಕಾರಿ ಕಳಿಸಿಕೊಟ್ಟ ನಿನ್ನ ರಿಜಿಸ್ಟರ್ ಪೋಸ್ಟನ್ನೂ ಮ್ಯಾನೇಜರ್ ನನಗೆ ತೋರಿಸಿದರು. ಓದಿ ನಕ್ಕರು. ಮನೆಯವರೆಲ್ಲ ಸೇರಿ ನಾಟಕ ಕಟ್ಟಿದ್ದೀರಿ ಎಂದರು.

ನೀನು ಹನ್ನೆರಡಕ್ಕೆ ಬರಬೇಡ. ಈ ಸಲ ನಾನು ಬರೆದದ್ದನ್ನು ಪಾಲಿಸು.

ಅಪ್ಪ


ಮೇ 19

ಕೋತಿಗೆ ಚಿಕ್ಕಮ್ಮ ಬರೆಯೋದು.

ಎಡಗೈಯಲ್ಲಿ ಬರೀತಿದೀನಿ, ಮೂರು ದಿನದಿಂದ. ಒಂದೊಂದು ಅಕ್ಷರಕ್ಕೂ ಬೆವರು ಬರತ್ತೆ. ಅದಕ್ಕೆ ಬೇಕಾದ್ದಷ್ಟೇ ಬರೀತೀನಿ, ನಿಮ್ಮಿಬ್ಬರ ಹಾಗಲ್ಲ.

ಹನ್ನೆರಡನೇ ತಾರೀಕು ಮ್ಯಾನೇಜರ್ ಕೋಣೆಯಲ್ಲಿ ವಿಚಾರಣೆ ಇತ್ತು. ನಾನು, ನಿಮ್ಮಪ್ಪ ಮೊದಲೇ ಒಳಗಿದ್ವಿ. ಅಧಿಕಾರಿ ಬಂದ್ರು, ಹಿಂದೆ ಮ್ಯಾನೇಜರ್. ಅಧಿಕಾರಿ ಕೂರೋ ಕುರ್ಚಿ ಮೇಲೆ ನಿಮ್ಮಪ್ಪನ ಸ್ಟೂಲು ಮಗುಚಿತ್ತು, ಮೂರು ಕಾಲು ಮೇಲೆ. ಅಧಿಕಾರಿ ಕೂರೋಕೆ ಹೋದವರು ನಿಂತ್ರು.

"ಏನ್ರೀ ಇದು, ಕೂರೋದು ಬೇಡ್ವಾ?" ಅಂದ್ರು.

"ಬೇಡ ಸಾರ್. ಕುರ್ಚಿ ಕಾಲು ಮುರಿದಿದೆ."

"ಮೊದಲೇ ಹೇಳಬಾರ್ದಾ?"

"ಹೇಳಿದೀನಿ ಸಾರ್. ನೀವು ತಳ್ಳಿಕೊಂಡು ಬಂದ ಬಾಗಿಲ ಮೇಲೆ. ಏಳು ದೊಣ್ಣೆ ಹಾಕಿ."

ಅಧಿಕಾರಿ ಆಚೆ ಹೋಗಿ ನೋಡಿದ್ರು. "ಕುರ್ಚಿ ಮುರಿದಿದೆ, ಕೂರಬೇಡಿ" ಅಂತ ಹಾಳೆ, ಅವರ ಮೂಗಿನ ಎತ್ತರಕ್ಕೇ ಇತ್ತು. ಮ್ಯಾನೇಜರ್ ಕೂಡ ಹೋಗಿ ನೋಡಿ ಬಂದ. ಮುಖ ಹಿಂಡಿದ ಬಟ್ಟೆ ಹಾಗಾಗಿತ್ತು.

ನಿಮ್ಮಪ್ಪ ಅಂದ, "ನೀವು ಇಬ್ಬರೂ ಕಾಲೇಜು ಓದಿದವರು. ನನ್ನ ಹಾಳೆ ಓದಲಿಲ್ಲ. ಸ್ಟೂಲು ನೋಡಿ ನಿಂತ್ರಿ. ನಿಮ್ಮ ಸೊಂಟ ಉಳೀತು. ಇವಳ ಕೈಗೆ ನಾನು ಸ್ಟೂಲು ಇಡಲಿಲ್ಲ, ಹಾಳೆ ಇಟ್ಟೆ. ನಿರ್ಲಕ್ಷ್ಯ ಅಂತ ಬರೀಬೇಕಾದ್ರೆ ನನ್ನ ಹೆಸರಿನ ಮುಂದೆ ಬರೀರಿ." ಆಮೇಲೆ ನಿನ್ನ ರಿಜಿಸ್ಟರ್ ಕಾಗದ ಓದಿಸಿದ್ರು. ಅಧಿಕಾರಿ ಕೊನೇವರೆಗೂ ನಿಂತೇ ಕೇಳಿದ್ರು, ಕೂರೋಕೆ ಕುರ್ಚಿ ಇರಲಿಲ್ಲವಲ್ಲ.

ಕುರ್ಚಿ ನಿಜವಾಗ್ಲೂ ಮುರಿದಿತ್ತು. ಬೆಳಿಗ್ಗೆ ನಿಮ್ಮಪ್ಪನೇ ಸ್ಕ್ರೂ ಬಿಚ್ಚಿದ್ದು. ನಿನ್ನ ಬಾಲ ಎಲ್ಲಿಂದ ಬಂತು ಅಂತ ಇಷ್ಟು ವರ್ಷ ಆದಮೇಲೆ ಗೊತ್ತಾಯ್ತು ನಂಗೆ.

ನನ್ನ ಮೇಲಿದ್ದ ಪದ ಹೊಡೆದು ಹಾಕಿದ್ರು. ಬಟ್ಟೆ ತಗೊಳ್ಳೋ ಕೌಂಟರಲ್ಲಿ ಕೂರಿಸ್ತಾರಂತೆ. ನಿಮ್ಮಪ್ಪನ್ನ ಮೇಲ್ವಿಚಾರಕನ ಕೆಲಸದಿಂದ ಇಳಿಸಿದ್ರು. ಈಗ ಗಾಡಿಯಿಂದ ಗಂಟು ಇಳಿಸ್ತಾನೆ, ಐವತ್ತಾರು ವಯಸ್ಸಿಗೆ. ಹಾಳೆಗಳನ್ನೆಲ್ಲ ಅವನ ಕೈಯಲ್ಲೇ ಕೆರೆಸಿದ್ರು, ಎರಡು ದಿನ ಹಿಡೀತು. ಸ್ಟೂಲು ರೋಲರ್ ಪಕ್ಕ ಇದೆ. ಅದರ ಮೇಲೆ ಯಾರೂ ಕೂರಲ್ಲ, ಯಾರೂ ಸುಮ್ಸುಮ್ನೆ ಮುಟ್ಟಲ್ಲ.

ಈಗ ನನ್ನ ಮಾತು.

ನಾನು ಆವತ್ತು ಆ ಹಾಳೆ ನೋಡಿದ್ದೆ. ಹೊಸದು ಅಂತಲೂ ಗೊತ್ತಾಗಿತ್ತು, ಗೋಂದು ಇನ್ನೂ ಹಸಿ ಇತ್ತು. ನಿಮ್ಮಪ್ಪನ ಹಾಳೆ, ಇನ್ನೇನಿರತ್ತೆ ಅಂದುಕೊಂಡು ಸ್ವಿಚ್ಚು ಹಾಕಿದೆ. ಇದನ್ನ ವಿಚಾರಣೇಲಿ ಹೇಳಲಿಲ್ಲ. ಯಾರೂ ಕೇಳಲಿಲ್ಲ. ನಿಮ್ಮಪ್ಪ ಹೇಳಿದ, ನೀನು ಬರೆದೆ, ಅಧಿಕಾರಿ ತಲೆ ಆಡಿಸಿದ. ಕೈ ಸುಟ್ಟಿದ್ದು ನಂದು, ನನ್ನ ಕಡೆಗೆ ಒಂದು ಪ್ರಶ್ನೆ ಬರಲಿಲ್ಲ. ನೀವಿಬ್ಬರೂ ನನ್ನ ಕೈಯನ್ನ ಮಧ್ಯೆ ಇಟ್ಟುಕೊಂಡು ಅಷ್ಟು ಕಾಗದ ಬರೆದಿರಂತೆ. ನಂಗೆ ಒಂದಾದ್ರೂ ಬಂತಾ? ಅವನು ಆಸ್ಪತ್ರೆ ಗೇಟಿನವರೆಗೆ ಬಂದು ದಿನಾ ವಾಪಸ್ ಹೋಗ್ತಿದ್ದನಂತೆ. ನೀನು ಒಂದು ಭಾನುವಾರ ಬಂದು, ಅತ್ತು, ಅವನಿಗೆ ಬೈಯೋಕೆ ಓಡಿದೆ. ನನಗೆ ಸಿಟ್ಟು ಬರಬಾರ್ದಾ? ಇಬ್ಬರ ಮೇಲೂ ಇದೆ. ತುಂಬಾ ದಿನ ಇರತ್ತೆ.

ಎರಡು ಬೆರಳು ಮಡಚಲ್ಲ. ತಲೆ ಬಾಚಿಕೊಳ್ಳೋಕೆ ಆಗ್ತಿಲ್ಲ. ಪಕ್ಕದ ಮನೆಯವಳು ಜಡೆ ಹಾಕಿಕೊಡ್ತಾಳೆ, ಮಧ್ಯಾಹ್ನಕ್ಕೇ ಬಿಚ್ಚಿಹೋಗತ್ತೆ.

ಭಾನುವಾರ ಬಾ. ಬಂದ ಕೂಡಲೇ ತಮಾಷೆ ಮಾಡಬೇಡ, ಕಾಲಿಗೂ ಬೀಳಬೇಡ. ಹಿಂದೆ ಕೂತು ಜಡೆ ಹಾಕು. ಬಿಗಿಯಾಗಿ ಹಾಕು. ಮುಗಿದ ಮೇಲೆ ತಿರುಗಿ ಕೂತು ಬೈತೀನಿ.

ಚಿಕ್ಕಮ್ಮ